ಮೂರು ಕಲ್ಲಿನ ಬೇಲಿ

“ಅಮ್ಮಾ, ಅಕ್ಕಯಮ್ಮಜ್ಜಿ ಸಾಮಿಗೆ ಯಾಕೆ ಬೈತು?”

ಗಾನವಿ ಹೀಗೆ ಕೇಳಿದಾಗ ಮಮತ ಮಗಳ ಹಣೆಯನ್ನೇ ನೋಡುತ್ತಿದ್ದಳು. ಐದು ವರ್ಷದ ಮಗುವಿನ ಹಣೆ ಯಾರೋ ತೆಂಗಿನ ನಾರು ಹಾಕಿ ತಿಕ್ಕಿದಂತೆ ಕೆಂಪಗಾಗಿತ್ತು. ಸೋಂಪುರದ ಫ್ಯಾಕ್ಟರಿಯಲ್ಲಿ ಮೊದಲ ಪಾಳಿ ಮುಗಿಸಿ ಬಂದವಳು ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

“ಯಾವ ಸಾಮಿಗೆ?”

“ಗುಡ್ಡದ ಮೇಲಿರೋ ಮುನೇಶ್ವರಂಗೆ. ‘ಏಳೋ ಮೇಲೆ, ನೀನು ಯಾವ ಸೀಮೆ ದೇವ್ರೋ’ ಅಂತು. ಚಪ್ಪಲಿನೂ ತೋರಿಸ್ತು. ಆಮೇಲೆ ನಲ್ಲಿ ಹತ್ರ ಕರ್ಕೊಂಡೋಗಿ ನನ್ನ ಹಣೆ ಉಜ್ಜಿ ಉಜ್ಜಿ ತೊಳೀತು. ಉರಿ ಅಮ್ಮಾ.”

ಇದನ್ನು ಇನ್ನು ಯಾರು ಯಾರು ಕೇಳಿಸಿಕೊಂಡರೋ ಎಂಬುದು ಮಮತಳಿಗೆ ಬಂದ ಮೊದಲ ಯೋಚನೆ. ಬೇರೆ ಯಾರಾದರೂ ದೇವರಿಗೆ ಚಪ್ಪಲಿ ತೋರಿಸಿದ್ದರೆ ತಲೆ ಕೆಟ್ಟಿದೆ ಎಂದು ಜನ ಬಿಟ್ಟುಬಿಡುತ್ತಿದ್ದರು. ಆದರೆ ಜಾಲಿಕುಂಟೆಯ ಆ ಮುನೇಶ್ವರ ಅಕ್ಕಯಮ್ಮನ ಕನಸಿನಲ್ಲಿ ಬಂದವನು. ವರ್ಷಕ್ಕೊಮ್ಮೆ ಊರು ಗುಡ್ಡ ಹತ್ತಿ ಅವನಿಗೆ ಕೋಳಿ ಕುಯ್ಯುವಾಗ ಮೊದಲ ತೆಂಗಿನಕಾಯಿ ಒಡೆಯುವವಳು ಅವಳೇ. ಅಂಗನವಾಡಿ ಬಿಟ್ಟಮೇಲೆ ಮಮತ ಬರುವವರೆಗೆ ಗಾನವಿಯನ್ನು ನೋಡಿಕೊಳ್ಳುವವಳೂ ಅವಳೇ. ಮಗುವಿನ ಕೈಗೆ ಒಂದು ಬಿಸ್ಕತ್ತು ಕೊಟ್ಟು, ಹಣೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಮಮತ ಎದುರು ಮನೆಗೆ ಹೋದಳು.

ಅಕ್ಕಯಮ್ಮ ಹಿತ್ತಲಿನ ಕಲ್ಲಿನ ಮೇಲೆ ಗಾನವಿಯ ಫ್ರಾಕನ್ನು ಒಗೆಯುತ್ತಿದ್ದಳು. ಒಗೆಯುವುದಲ್ಲ, ಬಡಿಯುತ್ತಿದ್ದಳು. ಅರವತ್ತೇಳರ ಹೆಂಗಸು, ಬಡಕಲು ಮೈ, ಗಂಟಲಲ್ಲಿ ನಿಂಬೆಹಣ್ಣಿನಷ್ಟು ಗಂಟು.

“ಏನು ದೊಡ್ಡಮ್ಮ ಇದು? ಮಗು ಹಣೆ ಸುಲಿದುಹೋಗಿದೆ.”

“ಸುಲಿದ್ರೆ ಸುಲೀಲಿ, ಚರ್ಮ ಮತ್ತೆ ಬರುತ್ತೆ.” ಅಕ್ಕಯಮ್ಮ ತಲೆ ಎತ್ತಲಿಲ್ಲ. “ಆ ಪಂಚಾಯಿತಿ ಮೆಂಬರ್ ಬೈರೇಶ ಅಂಗನವಾಡಿ ಮಕ್ಕಳನ್ನೆಲ್ಲಾ ಗುಡ್ಡದ ಮೇಲೆ ಸಾಲಾಗಿ ನಿಲ್ಸಿ, ಕಲ್ಲಿನ ಬುಡದ ಮಣ್ಣು ಕೆರೆದು ಎಲ್ರಿಗೂ ಬೊಟ್ಟು ಇಟ್ಟ. ಫೋಟೋ ತೆಗೆಸ್ಕೋಬೇಕಂತೆ, ಬೆಂಗಳೂರಿನ ಸಮಿತಿಯೋರಿಗೆ ಕಳಿಸೋಕೆ. ನಿನ್ನ ಮಗಳು ಆ ಬೊಟ್ಟು ಮುಟ್ಟಿದ ಬೆರಳನ್ನ ಬಾಯಿಗೆ ಇಟ್ಕೊಳ್ತು ಕಣೇ. ನಾನು ನೋಡ್ದೆ. ಕಣ್ಣಾರೆ ನೋಡ್ದೆ.”

“ಮಣ್ಣು ತಾನೇ ದೊಡ್ಡಮ್ಮ?”

ಅಕ್ಕಯಮ್ಮ ಫ್ರಾಕನ್ನು ಕಲ್ಲಿನ ಮೇಲೆ ಎಸೆದು ಎದ್ದು ನಿಂತಳು. “ಮಣ್ಣಲ್ಲ. ಕೂತ್ಕೋ ಇಲ್ಲಿ. ನಲವತ್ತೆರಡು ವರ್ಷದಿಂದ ಹೊಟ್ಟೇಲಿಟ್ಕೊಂಡಿದೀನಿ, ಇವತ್ತು ಹೇಳದಿದ್ರೆ ನಾನು ಮನುಷ್ಯಳೇ ಅಲ್ಲ.”

ಅವಳು ಹೇಳಿದ್ದನ್ನು ಮಮತ ಹಿತ್ತಲಿನ ಮೆಟ್ಟಿಲ ಮೇಲೆ ಕೂತು, ಕೆಲಸದ ಚೀಲವನ್ನು ತೊಡೆಯ ಮೇಲಿಂದ ಇಳಿಸದೆ ಕೇಳಿದಳು.

ಗುಡ್ಡದ ಮೇಲಿನ ಜಾಗಕ್ಕೆ ಊರಲ್ಲಿ ರಾಕೆಟ್ ಶೆಡ್ಡು ಎಂದೇ ಹೆಸರು. ಮಳೆಮೋಡ, ಗಾಳಿ ಅಳೆಯಲು ಹಾರಿಸುವ ಸಣ್ಣ ರಾಕೆಟ್‌ಗಳ ಕೊಳವೆಗಳನ್ನು ಒಂದು ಕಂಪನಿ ಅಲ್ಲಿ ಪರೀಕ್ಷೆ ಮಾಡುತ್ತಿತ್ತು. ಕೊಳವೆಯನ್ನು ಕಾಂಕ್ರೀಟ್ ಕಟ್ಟೆಗೆ ಬಿಗಿದು ಬೆಂಕಿ ಕೊಡುವುದು. ಅದು ಹಾರುವುದಿಲ್ಲ, ನಿಂತಲ್ಲೇ ಉರಿಯುತ್ತದೆ. ಉರಿದ ಸದ್ದಿಗೆ ಊರಿನ ಗಡಿಗೆಗಳು ಅದುರುತ್ತಿದ್ದವು. ಮದುವೆಯಾಗಿ ಜಾಲಿಕುಂಟೆಗೆ ಬಂದ ಮರುವರ್ಷವೇ, ಹತ್ತೊಂಬತ್ತು ತುಂಬುವ ಮೊದಲು, ಅಕ್ಕಯಮ್ಮ ಅಲ್ಲಿ ಕೆಲಸಕ್ಕೆ ಸೇರಿದಳು. ಉರಿದ ಕೊಳವೆಗಳನ್ನು ಮತ್ತೆ ಬಳಸಬೇಕು, ಅದಕ್ಕೆ ಒಳಗಿನ ಕರಕಲು ಕೆರೆದು ತೊಳೆಯಬೇಕು. ತೊಳೆಯಲು ಐದು ಜನ ಹೆಂಗಸರು. ತೊಳೆಯುವುದು ನೀರಿನಿಂದ ಅಲ್ಲ. ಪೀಪಾಯಿಯಲ್ಲಿ ಬರುತ್ತಿದ್ದ ಒಂದು ಎಣ್ಣೆ. ಸಿಹಿ ವಾಸನೆ, ನೀರಿಗಿಂತ ತೆಳ್ಳಗೆ. ಸಿಮೆಂಟ್ ತೊಟ್ಟಿಗೆ ಸುರಿದು, ಕೈ ಮುಳುಗಿಸಿ ಉಜ್ಜುವುದು. ಮಧ್ಯಾಹ್ನದ ಹೊತ್ತಿಗೆ ತಲೆ ಗಿರ್ರನೆ ತಿರುಗುತ್ತಿತ್ತು. ಹುಣಸೆಹಣ್ಣು ಚೀಪಿಕೊಂಡು ಮತ್ತೆ ಕೂರುವುದು.

“ಕೈಗೆ ಗ್ಲೌಸು ಕೊಡ್ತಿರ್ಲಿಲ್ವಾ?”

“ಕೊಟ್ರಲ್ಲ. ದೊಡ್ಡೋರು ನೋಡೋಕೆ ಬಂದ ದಿನ. ಅವರು ಹೋದ್ಮೇಲೆ ಎಣಿಸಿ ವಾಪಸ್ ಈಸ್ಕೊಂಡ್ರು.”

ಕೊಳವೆಗೆ ತುಂಬುವ ಮಸಾಲೆಯಲ್ಲಿ ಒಂದು ಬಿಳಿ ಪುಡಿ ಇರುತ್ತಿತ್ತು. ಕೆಲಸದವರು ಅದನ್ನು ಉಪ್ಪು ಎನ್ನುತ್ತಿದ್ದರು. ಉಳಿದ ಉಪ್ಪು, ಕೆಟ್ಟ ಉಪ್ಪು, ತೊಟ್ಟಿಯ ಕೊಳೆ ಎಣ್ಣೆ ಎಲ್ಲ ಕಟ್ಟೆಯ ಹಿಂದಿನ ಒಂದು ಗುಂಡಿಗೆ ಹೋಗುತ್ತಿತ್ತು. ಗುಂಡಿ ತುಂಬಿದಾಗ ಮೇಲೆ ಎರಡು ಬಾಂಡ್ಲಿ ಮಣ್ಣು. ಅಷ್ಟೇ.

ಉಪ್ಪು ಎಂದಮೇಲೆ ದನಕರು ಬಿಡುತ್ತವೆಯೇ? ಬೇಸಿಗೆಯಲ್ಲಿ ಗುಡ್ಡಕ್ಕೆ ಮೇಯಲು ಬಂದವು ಗುಂಡಿಯ ಅಂಚನ್ನು ನೆಕ್ಕತೊಡಗಿದವು. ಅಪ್ಪಯ್ಯಣ್ಣ ಎಂಬುವರ ಎರಡು ಕುರಿ, ಒಂದು ಕರು ಒಂದೇ ವಾರದಲ್ಲಿ ನೊರೆ ಕಾರಿ ಸತ್ತವು. ಅವರ ಮಕ್ಕಳು ಅಲ್ಲೇ ಗೋಲಿ ಆಡುತ್ತಿದ್ದವು. ಅಕ್ಕಯಮ್ಮ ಸೂಪರ್‌ವೈಸರ್ ಹತ್ತಿರ ಹೋಗಿ ಗುಂಡಿಗೆ ಬೇಲಿ ಹಾಕಿಸಿ ಎಂದಳು. ಮುಂದಿನ ತಿಂಗಳು ನೋಡೋಣ ಎಂದ. ಮುಂದಿನ ತಿಂಗಳು ಹೋದಳು. ಬೇಲಿ ಹಾಕಿದರೆ ಅಲ್ಲೇನೋ ಇದೆ ಅಂತ ಜನಕ್ಕೆ ಗೊತ್ತಾಗುತ್ತೆ, ಸುಮ್ಮನೆ ಹೋಗು ಎಂದ.

“ಅವತ್ತು ಹೊಟ್ಟೆ ಉರಿದುಹೋಯ್ತು ಕಣವ್ವ. ಮನೆಗೆ ಬಂದೋಳೇ, ಹಟ್ಟೀಲಿ ಬಿದ್ದಿದ್ದ ಮೂರು ಕಲ್ಲು ತಗೊಂಡೆ. ನಡುವಿನದು ಎಷ್ಟು ಭಾರ ಅಂದ್ರೆ, ನನ್ನ ಗಂಡನೂ ನಾನೂ ಕೋಲಿಗೆ ಕಟ್ಟಿ ಹೊತ್ಕೊಂಡೋದ್ವಿ. ಮಣ್ಣು ಮುಚ್ಚಿದ್ದ ಗುಂಡಿ ಮೇಲೆ ನೆಟ್ವಿ. ಸುಣ್ಣ ಬಳಿದೆ, ಅರಿಶಿನ ಕುಂಕುಮ ಇಟ್ಟೆ, ಬೇವಿನ ಸೊಪ್ಪು ಸಿಗಿಸ್ದೆ. ಬೆಳಗಾಗೆದ್ದು ಬಾವಿಕಟ್ಟೇಲಿ ಹೇಳ್ದೆ, ಮುನೇಶ್ವರ ಕನಸಲ್ಲಿ ಬಂದಿದ್ದ, ಕುರಿ ತಗೊಂಡಿದ್ದು ತಾನೇ ಅಂದ, ಆ ಜಾಗ ತನ್ನದು ಅಂದ, ಯಾರೂ ತುಳೀಬಾರ್ದು ಅಂದ ಅಂತ. ಅವತ್ತಿಂದ ಒಂದು ಕರು ಅತ್ಲಾಗೆ ಹೋಗಿಲ್ಲ, ಒಂದು ಮಗು ಹೋಗಿಲ್ಲ. ಕಂಪನಿಯೋರು ಬೇಲಿ ಹಾಕ್ಲಿಲ್ಲ, ನಾನು ದೇವರನ್ನೇ ಬೇಲಿ ಮಾಡ್ದೆ.”

ಹತ್ತು ವರ್ಷದ ಮೇಲೆ ಕಂಪನಿ ಬಾಗಿಲು ಹಾಕಿಕೊಂಡು ಹೋಯಿತು. ಗೇಟು ಮುರಿಯಿತು. ಬೇಲಿ ಮಾತ್ರ ಬೆಳೆಯಿತು. ಮೊದಲು ಆರು ಮಾರು ದೂರದಿಂದ ಕೈಮುಗಿಯುತ್ತಿದ್ದ ಜನ ಆಮೇಲೆ ಮೂರು ಮಾರಿಗೆ ಬಂದರು, ಆಮೇಲೆ ಕಲ್ಲನ್ನೇ ಮುಟ್ಟಿದರು. ಸುತ್ತ ಒಂದು ಗರಿಕೆಯೂ ಹುಟ್ಟದಿರುವುದನ್ನು ನೋಡಿ, ಇದೇ ಸಾಮಿಯ ಮಹಿಮೆ ಎಂದರು. ಯಾರದೋ ಜ್ವರ ಬಿಟ್ಟಿತೆಂದು ಆ ಮಣ್ಣು ಪ್ರಸಾದವಾಯಿತು.

“ಆವಾಗ್ಲೇ ಹೇಳ್ಬೇಕಿತ್ತು ದೊಡ್ಡಮ್ಮ.” ಮಮತಳ ದನಿ ಅವಳಿಗೇ ಗೊತ್ತಿಲ್ಲದೆ ಏರಿತ್ತು. ಮಗಳ ಬೆರಳು, ಮಗಳ ಬಾಯಿ ಬಿಟ್ಟು ಬೇರೇನೂ ಅವಳ ಕಣ್ಣಮುಂದೆ ಇರಲಿಲ್ಲ.

“ಹೇಳ್ಬೇಕಿತ್ತು.”

“ಮತ್ತೆ?”

“ಮೊದಲ ಕಾಯಿ ನನ್ನದಲ್ವಾ?” ಅಕ್ಕಯಮ್ಮ ನಕ್ಕಳು. ಕೇಳಲು ಚೆನ್ನಾಗಿರದ ನಗು. “ಕೊಳವೆ ತೊಳೆಯೋ ಅಕ್ಕಯಮ್ಮನ್ನ ಕಂಡ್ರೆ ಜನ ಎದ್ದು ನಿಲ್ತಿದ್ರು. ಆ ರುಚಿ ಹತ್ತಿತ್ತು. ಬೈಕೋ, ನೀನೂ ಬೈಕೋ.”

ಮಮತ ಬೈಯಲಿಲ್ಲ. ಬೈಯಬೇಕಾದ ಜಾಗ ಬೇರೆ ಇತ್ತು.

ಎರಡು ವರ್ಷದಿಂದ ಆ ಗುಡ್ಡವನ್ನು ಸ್ಮಾರಕ ಮಾಡುವ ಕೆಲಸ ನಡೆದಿತ್ತು. ಬೆಂಗಳೂರಿನಿಂದ ಒಂದು ಸಂರಕ್ಷಣಾ ಸಮಿತಿ ಬಂದು, ಕಾಂಕ್ರೀಟ್ ಕಟ್ಟೆಯ ಬಿರುಕು ತುಂಬಿ, ಹಿಂದಿನ ಗೋಡೆಗೆ ಹತ್ತಿದ್ದ ಬೆಂಕಿಯ ಮಸಿ ಅಳಿಸದಂತೆ ಗಾಜು ಹಾಕಿತ್ತು. ಮಸಿಗೆ ಗಾಜು! ಅದರ ಜೊತೆಗೇ ನೆಲ ಶುದ್ಧ ಮಾಡುವ ಕೆಲಸ. ಗುಡ್ಡವನ್ನು ಅರವತ್ತು ಚೌಕ ಮಾಡಿ, ಗೂಟ ಹೊಡೆದು, ಒಂದೊಂದರ ಮಣ್ಣನ್ನೂ ಪರೀಕ್ಷೆ ಮಾಡಿ, ಕೆಟ್ಟದ್ದನ್ನು ಕೆರೆದು ಲಾರಿಯಲ್ಲಿ ಸಾಗಿಸುತ್ತಿದ್ದರು. ಐವತ್ತೊಂಬತ್ತು ಚೌಕ ಮುಗಿದಿತ್ತು. ನಲವತ್ತೇಳನೆಯದರ ಸುತ್ತ ಮಾತ್ರ ಕೇಸರಿ ಪಟ್ಟಿ ಕಟ್ಟಿ, ನಕ್ಷೆಯಲ್ಲಿ ‘ಪೂಜಾ ಸ್ಥಳ, ಮುಟ್ಟಬಾರದು’ ಎಂದು ಬರೆದಿದ್ದರು. ಮೂರು ಕಲ್ಲು ಇದ್ದದ್ದು ಅಲ್ಲೇ. ಸೋಮವಾರ ಅದರ ಸುತ್ತ ಚಪ್ಪಡಿ ಹಾಸುವುದಿತ್ತು. ಹಾಸಿದರೆ ಮುಗಿಯಿತು, ನೆಲ ಶುದ್ಧವಾಗಿದೆ ಎಂದು ಸಹಿ ಬೀಳುತ್ತದೆ. ಊರಿಗೆಲ್ಲ ನೀರು ಕೊಡುವ ಬೋರ್‌ವೆಲ್ ಅಲ್ಲಿಂದ ಇಳಿಜಾರಿನಲ್ಲಿ ನೂರೈವತ್ತು ಹೆಜ್ಜೆ.

ಆ ನೀರನ್ನೇ ಮಮತ ಗಾನವಿ ಹೊಟ್ಟೆಯಲ್ಲಿದ್ದಾಗ ಕುಡಿದಿದ್ದಳು. ಐದನೇ ತಿಂಗಳಲ್ಲಿ ಡಾಕ್ಟರು ಥೈರಾಯ್ಡ್ ಎಂದರು, ಮಾತ್ರೆ ಬರೆದರು. ಅವಳ ಬೀದಿಯಲ್ಲೇ ಏಳು ಮನೆಯಲ್ಲಿ ಅದೇ ಮಾತ್ರೆಯ ಡಬ್ಬಿ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಯಾರೂ ನೋಡಿಲ್ಲ, ಅದಕ್ಕೇ ಗೊತ್ತಿಲ್ಲ.

ಮರುದಿನ ಮಮತ ರಜೆ ಹಾಕಿ, ಗಾನವಿಯನ್ನು ಅಂಗನವಾಡಿಗೆ ಬಿಟ್ಟು, ಅಕ್ಕಯಮ್ಮನ ಜೊತೆ ಗುಡ್ಡ ಹತ್ತಿದಳು. ಮಣ್ಣು ಪರೀಕ್ಷೆಯ ಹುಡುಗಿ ಅಂಬರೀನ್ ಜೀಪಿನ ಹಿಂದೆ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಹೊಸಕೋಟೆಯವಳು, ಒಂದು ಖಾಸಗಿ ಲ್ಯಾಬಿನ ಕೆಲಸ. ಅಕ್ಕಯಮ್ಮ ಹೇಳಿದ್ದನ್ನೆಲ್ಲ ಅವಳು ನಿಂತು ಕೇಳಿ, ಬರೆದುಕೊಂಡಳು. ಉಪ್ಪು ಎಂದಾಗ ಅವಳ ಕೈಯ ಪೆನ್ನು ನಿಂತಿತು.

“ಅದೇ ಅಜ್ಜಿ, ಅದನ್ನೇ ನಾನು ಹುಡುಕ್ತಿರೋದು. ನೀರಲ್ಲಿ ಕರಗಿ ಹೋದ್ರೆ ಬಣ್ಣನೂ ಕಾಣಲ್ಲ, ರುಚಿನೂ ಗೊತ್ತಾಗಲ್ಲ. ಥೈರಾಯ್ಡ್ ಕೆಡಿಸುತ್ತೆ. ಐವತ್ತೊಂಬತ್ತು ಚೌಕದಲ್ಲಿ ಚೂರು ಚೂರು ಸಿಕ್ತು. ಇಷ್ಟು ವರ್ಷ ನಡೆದ ಕೆಲಸಕ್ಕೆ ಇಷ್ಟೇನಾ ಅಂತ ನನಗೂ ಅನುಮಾನ ಇತ್ತು.”

“ಹಂಗಾದ್ರೆ ನಡಿಯವ್ವಾ, ತೋಡು.”

ಅಂಬರೀನ್ ಅಲ್ಲಾಡಲಿಲ್ಲ. “ಅಜ್ಜಿ, ನನ್ನ ಹೆಸರು ಕೇಳಿದ್ರಲ್ಲ? ಆ ಕಲ್ಲಿನ ಪಕ್ಕ ನಾನು ಡ್ರಿಲ್ ಇಟ್ಟೆ ಅಂದ್ಕೊಳ್ಳಿ. ಸಾಯಂಕಾಲದೊಳಗೆ ವಿಡಿಯೋ ತಾಲ್ಲೂಕೆಲ್ಲ ಓಡಾಡುತ್ತೆ. ಮಣ್ಣಲ್ಲಿ ಏನಿತ್ತು ಅಂತ ಒಬ್ಬರೂ ಕೇಳಲ್ಲ. ಯಾರು ಅಗೆದಿದ್ದು ಅಂತ ಮಾತ್ರ ಕೇಳ್ತಾರೆ.”

ಅಕ್ಕಯಮ್ಮ ಅವಳ ಮುಖ ನೋಡಿ ತಲೆಯಾಡಿಸಿದಳು.

ಅಷ್ಟರಲ್ಲಿ ಸಮಿತಿಯ ವಸಂತ್ ಬಂದರು. ಖಾದಿ ಜುಬ್ಬಾ, ಮೆದು ಮಾತು, ನಿಜವಾಗಿಯೂ ಒಳ್ಳೆಯ ಮನುಷ್ಯ. ಅದೇ ಮಮತಳ ಸಿಟ್ಟನ್ನು ಇನ್ನಷ್ಟು ಏರಿಸಿತು. ಅವರ ಜೊತೆ ಪಂಚಾಯಿತಿ ಸದಸ್ಯ ಬೈರೇಶ್.

“ಏನ್ ದೊಡ್ಡವ್ವಾ,” ಬೈರೇಶ್ ಹಲ್ಲು ಬಿಟ್ಟ, “ಮುನೇಶ್ವರ ರಾಜೀನಾಮೆ ಕೊಟ್ನಂತೆ? ಕನಸಲ್ಲಿ ಬಂದು ಹೇಳ್ದ್ನಾ?”

“ಕನಸೇ ಬಿದ್ದಿರ್ಲಿಲ್ಲ ಕಣ್ಲಾ. ಆ ತೊಟ್ಟಿ ಎಣ್ಣೆ ವಾಸನೆ ಕುಡಿದ ತಲೆಗೆ ನಿದ್ದೆ ಎಲ್ಲಿತ್ತು, ಕನಸು ಬೀಳೋಕೆ?”

“ನಲವತ್ತು ವರ್ಷ ಮೊದಲ ಕಾಯಿ ಒಡೆದು ತಿಂದ್ಯಲ್ಲ, ಆಗ ಹೇಳಕ್ಕೆ ಬಾಯಿಗೆ ಏನಾಗಿತ್ತು?”

“ಕೊಬ್ಬರಿ ತುಂಬಿತ್ತು. ತಿಂದೆ. ತಪ್ಪು ಮಾಡ್ದೆ. ಅದಕ್ಕೇ ಇವತ್ತು ಬಂದು ನಿಂತಿದೀನಿ. ನೀನು ಯಾಕ್ ನಿಂತಿದೀಯ ಹೇಳು.”

ಬೈರೇಶನ ನಗೆ ಹೋಯಿತು. “ಎಂಟು ವರ್ಷ ಮಕ್ಕಳಿಲ್ದೆ ಒದ್ದಾಡ್ದೋನು ನಾನು. ನನ್ನ ಮಗ ಆ ಸಾಮಿ ಕೊಟ್ಟಿದ್ದು. ಅವನನ್ನ ಕಲ್ಲು ಅಂದ್ರೆ, ವಯಸ್ಸಾದೋಳು ಅಂತಾನೂ ನೋಡಲ್ಲ.”

ವಸಂತ್ ನಡುವೆ ಬಂದರು. “ಸಮಾಧಾನ, ಸಮಾಧಾನ. ಅಮ್ಮಾ, ನಿಮ್ಮ ಮೂರು ಕಲ್ಲು ಈಗ ಈ ಜಾಗದ ಚರಿತ್ರೆಯ ಭಾಗ. ಇಂಜಿನಿಯರ್‌ಗಳ ಕಥೆ ಮಾತ್ರ ಆಗಬಾರದು, ಕಾರ್ಮಿಕರ ಕಥೆಯೂ ಇರಲಿ ಅಂತ ನಾನೇ ಹಟ ಹಿಡಿದು ಉಳಿಸಿದ್ದು. ಬೋರ್ಡೂ ಬರೆಸಿದ್ದೀವಿ.”

“ಏನಂತ? ಓದಿ, ಕೇಳ್ತೀನಿ.”

ವಸಂತ್ ಓದಿದರು. “ಬೆಂಕಿಯೊಡನೆ ದುಡಿಯುತ್ತಿದ್ದ ಕಾರ್ಮಿಕರು ತಮ್ಮ ರಕ್ಷಣೆಗಾಗಿ ಸ್ಥಾಪಿಸಿದ ದೈವ.”

“ರಕ್ಷಣೆಗೇ ಇಟ್ಟಿದ್ದು ಸಾರ್, ಅದು ನಿಜ. ಯಾರಿಂದ ರಕ್ಷಣೆ ಅಂತ ಬರೆಸ್ಲಿಲ್ಲ ನೋಡಿ.”

ಅವಳು ಅಲ್ಲಿಗೇ ಬಿಡಲಿಲ್ಲ. ವಸಂತ್ ಅವರ ತೋಳು ಹಿಡಿದು ಶೆಡ್ಡಿನ ಪಕ್ಕಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಉಜ್ಜಿ ತೊಳೆದು ಫಳಫಳ ಮಾಡಿದ ಸಿಮೆಂಟ್ ತೊಟ್ಟಿಯಿತ್ತು, ಮುಂದೆ ಹಿತ್ತಾಳೆಯ ಫಲಕ: ನೀರಿನ ತೊಟ್ಟಿ.

“ನೀರಿನ ತೊಟ್ಟಿಯಂತೆ! ನಾನಿರೋವರೆಗೆ ಇದಕ್ಕೆ ಒಂದು ಚೊಂಬು ನೀರು ಬಿದ್ದಿಲ್ಲ. ಇದರ ತಳದಲ್ಲಿ ಒಂದು ತೂತಿತ್ತು. ಎಲ್ಲಿ?”

“ಅದು... ಸೋರಬಾರದು ಅಂತ ಸಿಮೆಂಟ್ ಹಾಕಿ ಮುಚ್ಚಿದ್ವಿ.”

“ಮುಚ್ಚಿದ್ರಿ. ಆ ತೂತಿನ ಪೈಪು ಎಲ್ಲಿಗೆ ಹೋಗುತ್ತೆ ಅಂತ ನೋಡಿದ್ರಾ? ಇಲ್ಲಿ ನಿಂತು ನೆಟ್ಟಗೆ ನೋಡಿ. ಯಾವುದು ಕಾಣುತ್ತೆ?”

ಎಲ್ಲರೂ ನೋಡಿದರು. ತೊಟ್ಟಿಯ ತಳದಿಂದ ಇಳಿಜಾರಿನಲ್ಲಿ ನೇರಕ್ಕೆ, ಕೇಸರಿ ಪಟ್ಟಿಯೊಳಗೆ, ಸುಣ್ಣ ಬಳಿದ ಮೂರು ಕಲ್ಲು ಕಾಣುತ್ತಿದ್ದವು.

ಆಗ ಮಮತ ಮಾತಾಡಿದಳು. “ಸಾರ್, ಗೋಡೆ ಮಸಿಗೆ ಗಾಜು ಹಾಕಿದೀರಿ. ನಮ್ಮ ಬೋರ್‌ವೆಲ್ ನೀರನ್ನ ಒಂದೇ ಒಂದು ಬಾಟ್ಲಿ ಪರೀಕ್ಷೆಗೆ ಹಾಕ್ಸೋಕೆ ಆಗಲ್ವಾ?”

ವಸಂತ್ ಕನ್ನಡಕ ತೆಗೆದು ಒರೆಸಿಕೊಂಡರು. “ಯೋಜನೆಯಲ್ಲಿ ನೀರು ಇಲ್ಲಮ್ಮ, ಮಣ್ಣು ಮಾತ್ರ. ನಕ್ಷೆಗೆ ಸಹಿ ಆಗಿಹೋಗಿದೆ. ದೇವರ ಜಾಗ ಮುಟ್ಟಲ್ಲ ಅಂತ ಪಂಚಾಯಿತಿಗೆ ಬರೆದುಕೊಟ್ಟಿದ್ದೀವಿ. ಊರಿನವರು ಒಪ್ಪಿದರೆ ಬೇರೆ ಮಾತು.”

“ಊರಿನವರು ಒಪ್ಪಲ್ಲ,” ಎಂದ ಬೈರೇಶ್.

“ಒಪ್ಪಲ್ಲ ಅಂತಿದ್ದಾರಲ್ಲ,” ಎಂದರು ವಸಂತ್, ತುಂಬ ನೋವಿನಿಂದ. ನೋವು ನಿಜವೇ ಇರಬಹುದು. ಆದರೆ ಅವರು ಸಂಜೆ ಬೆಂಗಳೂರಿಗೆ ಹೋಗಿ ಬೇರೆ ನೀರು ಕುಡಿಯುತ್ತಾರೆ. ಬೈರೇಶನ ಮಗ ಇದೇ ನೀರು ಕುಡಿಯುತ್ತಾನೆ, ಅದು ಆ ಅಪ್ಪನಿಗೆ ಹೊಳೆಯುತ್ತಿಲ್ಲ. ಮಮತಳಿಗೆ ಇಬ್ಬರನ್ನೂ ಹಿಡಿದು ಅಲುಗಿಸಬೇಕೆನಿಸಿತು. ಅವಳು ಮುಷ್ಟಿಯಲ್ಲಿ ಸೀರೆಯ ಸೆರಗನ್ನು ಹಿಂಡುತ್ತ ನಿಂತಳು.

ಗಂಡಸರಿಬ್ಬರೂ ಚಪ್ಪಡಿ ನೋಡಲು ಆ ಕಡೆ ಹೋದಮೇಲೆ, ಅಂಬರೀನ್ ಬಾಟಲಿಯ ಪೆಟ್ಟಿಗೆ ಮುಚ್ಚುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು:

“ಅಕ್ಕಾ, ನಾನು ನಾಳೆ ಬೆಳಿಗ್ಗೆ ಹತ್ತರವರೆಗೆ ಇಲ್ಲೇ ಇರ್ತೀನಿ. ಡ್ರಿಲ್ಲೂ ಇರುತ್ತೆ. ಕಲ್ಲು ಇದ್ರೆ ಅದು ಪೂಜಾ ಸ್ಥಳ. ಕಲ್ಲು ಇಲ್ದಿದ್ರೆ ಅದು ನಲವತ್ತೇಳನೇ ಚೌಕ. ಕಲ್ಲು ಎತ್ತೋದು ನನ್ನ ಕೆಲಸ ಅಲ್ಲ. ಚೌಕ ಕೊರೆಯೋದು ನನ್ನ ಕೆಲಸ. ಅಲ್ಲಿ ಉಪ್ಪು ಜಾಸ್ತಿ ಸಿಕ್ಕಿದ್ರೆ ಚಪ್ಪಡಿ ಹಾಸೋ ಹಾಗಿಲ್ಲ, ಹತ್ತಿರದ ಬೋರ್‌ವೆಲ್ಲನ್ನೂ ನೋಡ್ಲೇಬೇಕು. ಅದು ಈ ಕೆಲಸದ ಒಪ್ಪಂದದ ಷರತ್ತಲ್ಲೇ ಇದೆ.”

ಇಬ್ಬರೂ ಗುಡ್ಡ ಇಳಿದರು. ಬೋರ್‌ವೆಲ್ಲಿನ ಹತ್ತಿರ ಹೆಂಗಸರು ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. ಸುದ್ದಿ ಆಗಲೇ ಇಳಿದು ಬಂದಿತ್ತು. ಅವಳನ್ನು ಕಂಡರೆ ದಿನಾ ಜಾಗ ಬಿಡುತ್ತಿದ್ದವರು ಇವತ್ತು ಬೆನ್ನು ತಿರುಗಿಸಿದರು. ಒಬ್ಬಳು ನೆಲಕ್ಕೆ ಉಗಿದಳು. ಅಕ್ಕಯಮ್ಮ ನಿಂತು, “ಉಗಿಯವ್ವಾ, ಉಗಿ. ಆ ನೀರು ಮಾತ್ರ ಮಗೀಗೆ ಕುಡಿಸ್ಬೇಡ,” ಎಂದು ಮುಂದೆ ನಡೆದಳು.

ಮನೆಯ ಮುಂದೆ ಬಂದಾಗ ಮಧ್ಯಾಹ್ನದ ಬಿಸಿಲು ಜಗುಲಿಯ ಮೇಲೆ ಬಿದ್ದಿತ್ತು. ಮಮತ ತನ್ನ ಬಾಗಿಲು ತೆಗೆಯಲು ಹೋದವಳು ನಿಂತು ಕೇಳಿದಳು. “ನಾಳೆ ಏನ್ ಮಾಡ್ತೀಯ ದೊಡ್ಡಮ್ಮ?”

“ಮಾಡೋದೇನು? ಇಟ್ಟೋಳು ನಾನು, ಎತ್ತೋಳೂ ನಾನೇ. ಬೆಳಕು ಹರಿದ ತಕ್ಷಣ ಹಾರೆ ತಗೊಂಡು ಹೋಗ್ತೀನಿ. ಕದ್ದು ಅಲ್ಲ, ಎಲ್ಲರ ಕಣ್ಣೆದುರಿಗೆ. ಹೊಡೆದ್ರೆ ಹೊಡೀಲಿ.” ಅವಳು ಜಗುಲಿಯ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಳು. ಅಷ್ಟು ಹೊತ್ತಿನ ಸಿಟ್ಟಿನಲ್ಲಿ ಕೇಳಿರದ ಒಂದು ಹಿಂಜರಿಕೆ ಅವಳ ದನಿಯಲ್ಲಿ ಬಂತು. “ಮಗಾ, ನಿಂಗೆ ಈ ಊರಲ್ಲಿ ಇನ್ನೂ ಬಾಳಿ ಬದುಕೋದಿದೆ, ಬೇಡ ಅಂದ್ರೆ ಬೇಡ ಅನ್ನು, ಬೇಜಾರಿಲ್ಲ. ಹಾರೆ ನಾನೇ ಹಾಕ್ತೀನಿ, ಕಲ್ಲು ನಾನೇ ಉರುಳಿಸ್ತೀನಿ. ಆದ್ರೆ ಆ ತೊಟ್ಟೀಲಿ ಹದಿನಾರು ವರ್ಷ ಮುಳುಗ್ಸಿ ಈ ಬೆರಳಿಗೆ ಏನೂ ತಿಳಿಯಕಿಲ್ಲ ಕಣವ್ವ. ಒಲೆ ಮೇಲಿನ ಪಾತ್ರೆ ಸುಡ್ತಾ ಇದೆಯೋ ಇಲ್ವೋ ಅಂತ್ಲೂ ಗೊತ್ತಾಗಲ್ಲ. ನಡುವಿನ ಕಲ್ಲು ಆಳಕ್ಕೆ ಹೂತಿದೆ. ಅದು ಸಡಿಲ ಆಯ್ತಾ, ಇಲ್ಲ ನನ್ನ ಕೈಯೇ ನಡುಗ್ತಿದೆಯಾ ಅಂತ ನಂಗೆ ಗೊತ್ತಾಗಲ್ಲ. ನೀನು ಬಂದು, ಅದರ ಮೇಲೆ ಕೈಯಿಟ್ಟು, ಅಲ್ಲಾಡ್ತು ಅಂತ ಹೇಳ್ತೀಯಾ?”